ಪವರ್ ಇರುವ ಸ್ವಿಮ್ಮಿಂಗ್ ಗಾಗಲ್ಸ್: ಆರು ತಿಂಗಳು ಬಳಸಿದ ಮೇಲೆ

ಇದು ಗಾಗಲ್ಸ್ ಬಗ್ಗೆ ಬರೆದ ರಿವ್ಯೂ, ಆದರೆ ಅರ್ಧಕ್ಕರ್ಧ ಕಾಂಟ್ಯಾಕ್ಟ್ ಲೆನ್ಸ್ ಮಾತೇ ಬರುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಲೆನ್ಸ್ ಹಾಕಿಕೊಂಡು ಈಜಲು ಹೋಗಿ ಕಣ್ಣು ಕೆಡಿಸಿಕೊಳ್ಳದೆ ಇದ್ದಿದ್ದರೆ ಈ ಗಾಗಲ್ಸ್ ಕಡೆ ನಾನು ತಿರುಗಿಯೂ ನೋಡುತ್ತಿರಲಿಲ್ಲ. ಪೂರ್ತಿ ಓದಲು ಪುರುಸೊತ್ತಿಲ್ಲದವರು ಇಷ್ಟು ತಿಳಿದುಕೊಂಡರೆ ಸಾಕು: ತಗೊಳ್ಳಿ. ಐದಕ್ಕೆ ನಾಲ್ಕು ಕೊಡುತ್ತೇನೆ. ಆ ಒಂದು ಯಾಕೆ ಕಡಿಮೆ ಎನ್ನುವುದು ಕೊನೆಯಲ್ಲಿದೆ.

ಕಂಪನಿ ಹೆಸರು, ಅಂಗಡಿ ಹೆಸರು ಹಾಕುತ್ತಿಲ್ಲ. ಈ ತರಹದ ಗಾಗಲ್ಸ್ ನಾಲ್ಕೈದು ಕಂಪನಿಗಳು ಮಾಡುತ್ತವೆ, ಕೆಲಸ ಎಲ್ಲದ್ದೂ ಒಂದೇ. ಅಂಗಡಿಯವರ ಮೇಲೆ ಸ್ವಲ್ಪ ಸಿಟ್ಟಿದೆ, ಆದರೆ ಪಾಪ ಒಳ್ಳೆಯವರೇ.

ನನ್ನ ಕಣ್ಣಿನ ನಂಬರ್: ಬಲಗಣ್ಣು ಮೈನಸ್ 4.25, ಜೊತೆಗೆ ಸಿಲಿಂಡರ್ (ಕಣ್ಣಿನ ಡೊಂಕು ಎಲ್ಲ ಕಡೆ ಒಂದೇ ಸಮ ಇಲ್ಲದವರಿಗೆ ಕೊಡುವ ನಂಬರ್) ಮೈನಸ್ ಅರ್ಧ. ಎಡಗಣ್ಣು ಮೈನಸ್ 5. ಕನ್ನಡಕ ತೆಗೆದರೆ ಮುಖದಿಂದ ಒಂದು ಗೇಣು ದೂರ ಹಿಡಿದ ಅಂಗೈ ಗೆರೆ ಚೆನ್ನಾಗಿ ಕಾಣುತ್ತದೆ, ಅದರಾಚೆ ಎಲ್ಲ ಡಿಸೆಂಬರ್ ಮಂಜು. ಹತ್ತು ವರ್ಷದಿಂದ ಲೆನ್ಸ್ ಹಾಕುತ್ತಿದ್ದೇನೆ. ತಿಂಗಳಿಗೊಂದು ಜೊತೆ ಬದಲಿಸುವ ಮಂತ್ಲಿ ಲೆನ್ಸ್. ಹತ್ತು ವರ್ಷ ಏನೂ ಆಗಿರಲಿಲ್ಲ, ಹಾಗಾಗಿ ಏನೂ ಆಗಲ್ಲ ಎಂಬ ಧೈರ್ಯ ಬಂದಿತ್ತು.

ಕಳೆದ ಬೇಸಿಗೆಯಲ್ಲಿ ಬನಶಂಕರಿಯ ನಮ್ಮ ಮನೆ ಹತ್ತಿರದ ಈಜುಕೊಳದಲ್ಲಿ 21 ದಿನದ ಬ್ಯಾಚ್‌ಗೆ ಸೇರಿದೆ. ಬೆಳಿಗ್ಗೆ ಆರಕ್ಕೆ ಹೆಂಗಸರ ಬ್ಯಾಚ್. ಮೊದಲ ವಾರ ಕನ್ನಡಕ ದಂಡೆ ಮೇಲೆ ಟವೆಲ್ ಒಳಗೆ ಸುತ್ತಿಟ್ಟು ಹಾಗೇ ನೀರಿಗಿಳಿಯುತ್ತಿದ್ದೆ. ಕೋಚ್ ಸರ್ ಆ ಕಡೆ ದಡದಲ್ಲಿ ನಿಂತು ಕೈ ಹೀಗೆ ತಿರುಗಿಸಿ, ಮೊಣಕೈ ಹೀಗೆ ಎತ್ತಿ ಎಂದು ತೋರಿಸುತ್ತಾರೆ. ನನಗೆ ಕಾಣುವುದು ನೀಲಿ ಟೀ ಶರ್ಟ್ ಒಂದೇ. ‘ಹೀಗೆ’ ಎಂದರೆ ಹೇಗೆ ಎಂದು ಪಕ್ಕದವರನ್ನು ಕೇಳಿ ಕೇಳಿ ಅವರಿಗೂ ಸಾಕಾಯಿತು. ಒಂದು ದಿನ ಯಾರೋ ಕೈ ಬೀಸಿದರು ಅಂತ ನಾನೂ ನಗುತ್ತಾ ಕೈ ಬೀಸಿದೆ, ಅವರು ಬೀಸಿದ್ದು ನನ್ನ ಹಿಂದಿದ್ದ ಮಗುವಿಗೆ. ಅಂದೇ ತೀರ್ಮಾನ ಮಾಡಿದೆ, ನಾಳೆಯಿಂದ ಲೆನ್ಸ್.

ಲೆನ್ಸ್ ತಗೊಳ್ಳುವ ಅಂಗಡಿ ಹುಡುಗನನ್ನು ಫೋನ್ ಮಾಡಿ ಕೇಳಿದೆ ಕೂಡ. “ಏನೂ ಆಗಲ್ಲ ಮೇಡಂ, ಮೇಲೆ ಒಂದು ಗಾಗಲ್ಸ್ ಹಾಕ್ಕೊಳ್ಳಿ ಸಾಕು” ಅಂದ. ಅವನನ್ನು ಬೈದು ಪ್ರಯೋಜನವಿಲ್ಲ. ಲೆನ್ಸ್ ಜೊತೆಗೆ ಬರುವ ಆ ಮಡಚಿದ ಕಾಗದದಲ್ಲಿ ನೀರು ತಾಗಿಸಬೇಡಿ ಎಂದು ಬರೆದೇ ಇರುತ್ತದೆ. ಇರುವೆ ಸಾಲಿನಂತಹ ಆ ಅಕ್ಷರ ಓದಲು ಕಣ್ಣು ಚೆನ್ನಾಗಿರಬೇಕು, ನಮ್ಮಂಥವರ ಕೈಗೆ ಅದನ್ನು ಕೊಡುತ್ತಾರೆ.

ರಸ್ತೆ ಬದಿ ಕ್ರೀಡಾ ಸಾಮಾನಿನ ಅಂಗಡಿಯಲ್ಲಿ 250 ರೂಪಾಯಿಗೆ ಸಿಕ್ಕ ಗಾಗಲ್ಸ್ ಹಾಕಿಕೊಂಡು, ಒಳಗೆ ಲೆನ್ಸ್ ಇಟ್ಟುಕೊಂಡು ಹತ್ತು ದಿನ ಈಜಿದೆ. ಆ ಗಾಗಲ್ಸ್ ಸೋರುತ್ತಿತ್ತು. ಮೂಗಿನ ಪಕ್ಕದಿಂದ ಒಂದಿಷ್ಟು ನೀರು ಒಳಗೆ ಬರುವುದು, ನಾನು ಎತ್ತಿ ಸುರಿಯುವುದು, ಮತ್ತೆ ಹಾಕುವುದು. ಕಣ್ಣು ಸ್ವಲ್ಪ ಕೆಂಪಾಗುತ್ತಿತ್ತು. ಕ್ಲೋರಿನ್ ಅಂದುಕೊಂಡೆ. ಎಲ್ಲರಿಗೂ ಆಗುತ್ತದಲ್ವಾ.

ಹನ್ನೊಂದನೇ ದಿನ ಶನಿವಾರ. ಈಜಿ, ಅಲ್ಲೇ ಶವರ್ ಕೆಳಗೆ ತಲೆಸ್ನಾನ ಮಾಡಿ, ಲೆನ್ಸ್ ತೆಗೆಯದೆ ಸ್ಕೂಟರ್ ಹತ್ತಿ ಮನೆಗೆ ಬಂದೆ. ಎಡಗಣ್ಣಿನ ಲೆನ್ಸ್ ಬಿಗಿಯಾಗಿತ್ತು. ಸಾಮಾನ್ಯವಾಗಿ ಬೆರಳು ತಾಗಿಸಿದರೆ ಜಾರುವ ಲೆನ್ಸ್ ಅಂದು ಗಾಜಿಗೆ ಅಂಟಿಸಿದ ಸ್ಟಿಕ್ಕರ್ ತರಹ ಕೂತಿತ್ತು. ಚಿವುಟಿದೆ, ಬರಲಿಲ್ಲ. ಇನ್ನೊಂದು ಸಲ ಚಿವುಟಿದೆ, ಉಗುರು ತಾಗಿತೋ ಏನೋ, ಫಟ್ ಅಂತ ಕಿತ್ತು ಬಂದು ವಾಶ್ ಬೇಸಿನ್‌ಗೆ ಬಿತ್ತು. ಮಧ್ಯಾಹ್ನ ರಾಜಾಜಿನಗರದಲ್ಲಿ ತಂಗಿ ಮಗುವಿನ ನಾಮಕರಣ. ಲೆನ್ಸ್ ತೊಳೆದು ನೆನೆಸಿಡುವ ಸೊಲ್ಯೂಷನ್ ಬಾಟಲಿ ಹಿಂದಿನ ದಿನವೇ ಖಾಲಿ. ಹೊಸ ಜೊತೆಯೂ ಇರಲಿಲ್ಲ. ನಲ್ಲಿ ಕೆಳಗೆ ಹಿಡಿದು ತೊಳೆದು ಮತ್ತೆ ಕಣ್ಣಿಗೆ ಹಾಕಿಕೊಂಡೆ. ಬರೆಯುವಾಗಲೇ ನಾಚಿಕೆಯಾಗುತ್ತಿದೆ, ಆದರೆ ಹಾಗೇ ಮಾಡಿದೆ.

ಪಾಯಸ ಬಡಿಸುವ ಹೊತ್ತಿಗೆ ಕಣ್ಣಲ್ಲಿ ಮರಳು. ಸಂಜೆ ವಾಪಸ್ ಬರುವಾಗ ಎದುರಿನ ಆಟೋ ಹೆಡ್‌ಲೈಟ್ ಸೂಜಿ ಚುಚ್ಚಿದ ಹಾಗೆ. ಮನೆಗೆ ಬಂದು ಲೆನ್ಸ್ ತೆಗೆದ ಮೇಲೂ ನೋವು ನಿಲ್ಲಲಿಲ್ಲ. ನಮ್ಮತ್ತೆ ನಂದಿಬಟ್ಟಲು ಹೂ ಕಿತ್ತು ತಂದು “ಕಣ್ಣ ಮೇಲೆ ಇಟ್ಕೊಂಡು ಮಲಗಮ್ಮ, ತಂಪಾಗುತ್ತೆ” ಅಂದರು. ನಮ್ಮನೆಯವರು ಮೆಡಿಕಲ್ ಸ್ಟೋರಿಗೆ ಹೋಗಿ, ಕಣ್ಣು ಕೆಂಪಾಗಿದೆ ಎಂದು ಹೇಳಿ, ಯಾವುದೋ ಡ್ರಾಪ್ಸ್ ತಂದರು. ಹೂ ಇಟ್ಟುಕೊಂಡೆ. ಡ್ರಾಪ್ಸ್ ಯಾಕೋ ಹಾಕಿಕೊಳ್ಳಲಿಲ್ಲ. ಮರುದಿನ ಡಾಕ್ಟರಿಗೆ ಆ ಬಾಟಲಿ ತೋರಿಸಿದಾಗ ಅದರಲ್ಲಿ ಸ್ಟೀರಾಯ್ಡ್ ಇತ್ತು. ಸೋಂಕು ಯಾವುದು ಎಂದು ಗೊತ್ತಾಗುವ ಮೊದಲೇ ಸ್ಟೀರಾಯ್ಡ್ ಬಿಟ್ಟರೆ ಕೆಂಪು ಕಡಿಮೆಯಾದ ಹಾಗೆ ಕಾಣುತ್ತದಂತೆ, ಒಳಗೆ ಫಂಗಸ್ಸೋ ಅಮೀಬಾವೋ ಇದ್ದರೆ ಹಬ್ಬ ಮಾಡಿಕೊಳ್ಳುತ್ತದಂತೆ. ಹೂವೇ ವಾಸಿ ಅಂದರು ಡಾಕ್ಟರ್ ಮೇಡಂ, ನಗದೆ.

ಅವರು ಮಾಡಿದ್ದು ಇಷ್ಟು. ಕಿತ್ತಳೆ ಬಣ್ಣದ ತುದಿಯಿರುವ ಒಂದು ಕಾಗದದ ಪಟ್ಟಿಯನ್ನು ಒದ್ದೆ ಮಾಡಿ ಕೆಳರೆಪ್ಪೆ ಒಳಗೆ ತಾಗಿಸಿದರು. ಕಣ್ಣೀರೆಲ್ಲ ಅರಿಶಿನ ನೀರಾಯಿತು. ಆಮೇಲೆ ನೀಲಿ ಬೆಳಕು ಬಿಟ್ಟು ನೋಡಿ, ನನಗೂ ಪರದೆ ಮೇಲೆ ತೋರಿಸಿದರು. ಕಣ್ಣುಗುಡ್ಡೆಯ ಮೇಲೆ ಕಪ್ಪು ಭಾಗದ ಅಂಚಿಗೆ ಒಂದು ಗೀರು, ಹಸಿರಾಗಿ ಹೊಳೆಯುತ್ತಿತ್ತು, ಅಕ್ಕಿಕಾಳಿನ ಅರ್ಧದಷ್ಟು. ಲೆನ್ಸ್ ಕಿತ್ತಾಗ ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಪೊರೆ) ಮೇಲ್ಪದರವೂ ಅಷ್ಟಗಲ ಕಿತ್ತು ಬಂದಿತ್ತು. ಸೋಂಕು ಆಗಿರಲಿಲ್ಲ. ಐದು ದಿನ ಆ್ಯಂಟಿಬಯಾಟಿಕ್ ಡ್ರಾಪ್ಸ್, ಎರಡು ವಾರ ಲೆನ್ಸ್ ಮುಟ್ಟುವ ಹಾಗಿಲ್ಲ. ಬಾಗಿಲ ಹೊರಗೆ ಹತ್ತು ಜನ ಕಾಯುತ್ತಿದ್ದರೂ ಆಕೆ ಹತ್ತು ನಿಮಿಷ ಕೂತು ನನಗೆ ಪಾಠ ಮಾಡಿದರು.

ಆ ಪಾಠ ಕೇಳಿದ ಮೇಲೆ ನನಗೆ ರಾತ್ರಿ ನಿದ್ದೆ ಬರಲಿಲ್ಲ, ನೀವೂ ಕೇಳಿ.

ಸಾಫ್ಟ್ ಲೆನ್ಸ್ ಅಂದರೆ ಬರೀ ಪ್ಲಾಸ್ಟಿಕ್ ತುಂಡಲ್ಲ, ಅದು ನೀರು ಹೀರಿಕೊಂಡೇ ಮೆತ್ತಗಿರುವ ವಸ್ತು. ಅರ್ಧದಷ್ಟು ತೂಕ ನೀರೇ ಇರುವ ಲೆನ್ಸ್‌ಗಳು ಎಷ್ಟೋ ಇವೆ. ಸಾಂಬಾರಿಗೆ ಬಿದ್ದ ಇಡ್ಲಿ ಹೇಗೋ ಹಾಗೆ, ಯಾವುದರಲ್ಲಿ ಅದ್ದಿದರೆ ಅದನ್ನು ಕುಡಿಯುತ್ತದೆ. ನಮ್ಮ ಕಣ್ಣೀರಲ್ಲಿ ಶೇಕಡ 0.9ರ ಆಸುಪಾಸು ಉಪ್ಪಿದೆ. ಈಜುಕೊಳದ ನೀರಲ್ಲಿ, ನಲ್ಲಿ ನೀರಲ್ಲಿ ಅಷ್ಟು ಉಪ್ಪಿಲ್ಲ. ಸಪ್ಪೆ ನೀರು ಲೆನ್ಸ್ ಒಳಗೆ ಹೋದ ತಕ್ಷಣ ಅದರ ಆಕಾರ ಬದಲಾಗಿ ಕಾರ್ನಿಯಾಗೆ ಕಚ್ಚಿಕೊಳ್ಳುತ್ತದೆ. ನನ್ನದು ಸ್ಟಿಕ್ಕರ್ ಆಗಿದ್ದು ಅದಕ್ಕೇ. ಹಾಗಾದಾಗ ಎಳೆಯಬಾರದು. ಲೆನ್ಸ್ ಒದ್ದೆ ಮಾಡುವ ಡ್ರಾಪ್ಸ್ ಅಥವಾ ಸ್ಟೆರೈಲ್ ಸಲೈನ್ (ಕ್ರಿಮಿ ಇಲ್ಲದ ಉಪ್ಪುನೀರು) ಬಿಟ್ಟು, ಕಣ್ಣು ಮಿಟುಕಿಸುತ್ತಾ ಅರ್ಧ ಗಂಟೆ ಕಾಯಬೇಕು, ತಾನಾಗಿ ಸಡಿಲವಾಗುತ್ತದೆ. ಈ ಒಂದು ಮಾತನ್ನು ಹತ್ತು ವರ್ಷದಲ್ಲಿ ಯಾರೂ ನನಗೆ ಹೇಳಿರಲಿಲ್ಲ.

ಎರಡನೆಯದು ಅಕಾಂತಮೀಬಾ. ಹೆಸರು ಕೇಳಿದರೆ ಯಾರದೋ ಅತ್ತೆ ಹೆಸರಿದ್ದ ಹಾಗಿದೆ, ಆದರೆ ಅದೊಂದು ಅಮೀಬಾ. ನಲ್ಲಿ ನೀರು, ಕೆರೆ, ಮಣ್ಣು, ಧೂಳು, ಈಜುಕೊಳ, ಎಲ್ಲ ಕಡೆ ಇರುತ್ತದೆ. ಕುಡಿದರೆ ನಮಗೇನೂ ಮಾಡುವುದಿಲ್ಲ. ಲೆನ್ಸ್ ಮೇಲೆ ಕೂತೋ ಕೊಳೆ ನೀರಿನ ಜೊತೆಗೋ ಕಣ್ಣಿಗೆ ಬಂದು, ಅಲ್ಲೊಂದು ಚಿಕ್ಕ ಗೀರಿದ್ದರೆ ಒಳಗೆ ಹೊಕ್ಕು ಕಾರ್ನಿಯಾ ತಿನ್ನಲು ಶುರು ಮಾಡುತ್ತದೆ. ಕಷ್ಟ ಕೊಟ್ಟರೆ ತನ್ನ ಸುತ್ತ ಎರಡು ಪದರದ ಗೋಡೆ ಕಟ್ಟಿಕೊಂಡು ಬೀಜದ ತರಹ ಒಳಗೆ ಕೂತುಬಿಡುತ್ತದೆ, ಆಗ ಈಜುಕೊಳಕ್ಕೆ ಹಾಕುವಷ್ಟು ಕ್ಲೋರಿನ್ ಅದಕ್ಕೆ ಲೆಕ್ಕವೇ ಇಲ್ಲ. ಈ ಕಾಯಿಲೆ ಕಣ್ಣಿಗೆ ಬರುತ್ತದೆ ಎಂದು ವೈದ್ಯರಿಗೆ ಗೊತ್ತಾಗಿದ್ದೇ 1970ರ ದಶಕದಲ್ಲಿ. 1980ರ ದಶಕದಲ್ಲಿ ಅಮೆರಿಕದಲ್ಲಿ ಜನ ಉಪ್ಪಿನ ಮಾತ್ರೆ ಕರಗಿಸಿ ಮನೆಯಲ್ಲೇ ಲೆನ್ಸ್ ನೀರು ಮಾಡಿಕೊಳ್ಳುತ್ತಿದ್ದರು, ಆಗ ಕೇಸುಗಳು ಜಾಸ್ತಿಯಾದವು. 2007ರಲ್ಲಿ ಅಲ್ಲಿಯೇ ಒಂದು ಕಂಪನಿಯ ಲೆನ್ಸ್ ಸೊಲ್ಯೂಷನ್ ಈ ಅಮೀಬಾದ ಕಾರಣಕ್ಕೇ ಮಾರುಕಟ್ಟೆಯಿಂದ ವಾಪಸ್ ಹೋಯಿತು.

ಅಪರೂಪದ ಕಾಯಿಲೆ, ನಿಜ. ನಮ್ಮ ದೇಶದಲ್ಲಿ ಇದು ಬಂದವರಲ್ಲಿ ಜಾಸ್ತಿ ಜನ ಲೆನ್ಸ್ ಹಾಕದವರೇ, ಕಣ್ಣಿಗೆ ಮಣ್ಣು ಬಿದ್ದು, ಕೊಳೆ ನೀರು ಬಿದ್ದು ಆದವರು. ಅಮೆರಿಕ, ಬ್ರಿಟನ್‌ನಂಥ ದೇಶಗಳಲ್ಲಿ ಲೆಕ್ಕ ಉಲ್ಟಾ, ಹತ್ತರಲ್ಲಿ ಎಂಟೊಂಬತ್ತು ಜನ ಲೆನ್ಸ್ ಹಾಕುವವರು. ಇಲ್ಲೂ ಲೆನ್ಸ್ ಹಾಕುವವರು ಹೆಚ್ಚಾಗುತ್ತಿದ್ದಾರಲ್ಲ, ನಮ್ಮ ಆಫೀಸಿನ ಒಂದು ಮಹಡಿಯಲ್ಲೇ ಇಪ್ಪತ್ತು ಜನ ಸಿಗುತ್ತಾರೆ. ಬಂದರೆ ಏನು ಅಂದರೆ, ಮೊದಮೊದಲು ಹರ್ಪಿಸ್ ಎಂಬ ವೈರಸ್ ಸೋಂಕಿನ ಹಾಗೆ ಕಂಡು ಬೇರೆ ಔಷಧ ನಡೆಯುವುದೂ ಉಂಟು. ಗೊತ್ತಾದ ಮೇಲೆ ಮೊದಲ ಕೆಲವು ದಿನ ಹಗಲು ರಾತ್ರಿ ಗಂಟೆಗೊಮ್ಮೆ ಡ್ರಾಪ್ಸ್, ಅಲಾರಂ ಇಟ್ಟುಕೊಂಡು ಎದ್ದು ಹಾಕಬೇಕು, ಆಮೇಲೆ ತಿಂಗಳುಗಟ್ಟಲೆ ಔಷಧ. ಕೆಲವರಿಗೆ ಕಾರ್ನಿಯಾ ಬದಲಿಸಬೇಕಾಗುತ್ತದೆ. ಇದು ಬಿಡಿ, ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ ಇನ್ನೂ ಸಾಮಾನ್ಯ, ನಲ್ಲಿಯ ಬಾಯಲ್ಲಿ, ಸಿಂಕಿನಲ್ಲಿ, ತೊಳೆಯದ ಲೆನ್ಸ್ ಡಬ್ಬಿಯಲ್ಲಿ ಇರುತ್ತದೆ, ಒಂದೆರಡು ದಿನದಲ್ಲಿ ಕಣ್ಣಿಗೆ ಹುಣ್ಣು ಮಾಡಿಬಿಡುತ್ತದೆ.

ನಾನು ಮೊಂಡುವಾದ ಮಾಡಿದೆ. ನಮ್ಮ ಮನೆಗೆ ಬರುವುದು ಕಾವೇರಿ ನೀರು ಮೇಡಂ ಅಂದೆ. ಕಾವೇರಿ ನೀರು ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ, ನೂರು ಕಿಲೋಮೀಟರ್ ಪೈಪಿನಲ್ಲಿ ಬಂದು, ನಿಮ್ಮ ಸಂಪಿಗೆ ಬಿದ್ದು, ಆಮೇಲೆ ತಾರಸಿ ಮೇಲಿನ ಟ್ಯಾಂಕಿಗೆ ಹತ್ತುತ್ತದೆ, ಆ ಟ್ಯಾಂಕ್ ಕೊನೆಗೆ ತೊಳೆಸಿದ್ದು ಯಾವಾಗ ಎಂದು ಕೇಳಿದರು. ನಾನು ಸುಮ್ಮನಾದೆ. ಬೇಸಿಗೆಯಲ್ಲಂತೂ ಅದಕ್ಕೆ ಬೋರ್‌ವೆಲ್ಲು, ಟ್ಯಾಂಕರ್ ಎಲ್ಲ ಬೆರೆಯುತ್ತದೆ. ಈಜುಕೊಳದ್ದೂ ಅದೇ ಕಥೆ. 2024ರ ಮಾರ್ಚ್‌ನಲ್ಲಿ ನೀರಿಗೆ ಹಾಹಾಕಾರ ಆದಾಗ ಜಲಮಂಡಳಿ ಈಜುಕೊಳಕ್ಕೆ ಕುಡಿಯುವ ನೀರು ಬಳಸಬಾರದು, ಬಳಸಿದರೆ 5,000 ರೂಪಾಯಿ ದಂಡ ಅಂದಿತ್ತು, ನೆನಪಿದೆಯಾ? ಹೋಗಲಿ, ಫಿಲ್ಟರ್ ನೀರು? ಅದೂ ಕುಡಿಯುವುದಕ್ಕೆ ಮಾತ್ರ. ಕಾಯಿಸಿ ಆರಿಸಿದ ನೀರು? ಅದೂ ಬೇಡ. ಲೆನ್ಸಿಗೆ ನೀರೇ ಬೇಡ, ಯಾವ ನೀರೂ ಬೇಡ ಅಂದುಬಿಟ್ಟರು.

“ಹಾಗಾದರೆ ಈಜುವುದು ಹೇಗೆ ಮೇಡಂ?” ಎಂದು ಕೇಳಿದಾಗ ಒಂದು ಚೀಟಿಯ ಹಿಂದೆ ಎರಡು ನಂಬರ್ ಬರೆದುಕೊಟ್ಟರು: ಬಲ ಮೈನಸ್ 4.5, ಎಡ ಮೈನಸ್ 5. ಗಾಗಲ್ಸ್ ನಂಬರ್ ಇದು, ತಗೊಳ್ಳಿ ಅಂದರು.

ಇನ್ನು ಗಾಗಲ್ಸ್.

ಮೊದಲ ಸಲ ಸೋಮಾರಿತನದಿಂದ ಆನ್‌ಲೈನ್‌ನಲ್ಲಿ ತರಿಸಿದೆ, ಎರಡೂ ಕಣ್ಣಿಗೆ ಮೈನಸ್ 5 ಇದ್ದದ್ದು. ಅರ್ಧ ನಂಬರ್ ತಾನೇ ಅಂದುಕೊಂಡೆ. ಎರಡು ದಿನಕ್ಕೆ ಬಲಗಣ್ಣಿನ ಮೇಲೆ ತಲೆನೋವು. ಅದು ಈಗ ನಮ್ಮ ನಾದಿನಿ ಮಗನ ಆಟದ ಸಾಮಾನು. ನಂಬರ್ ಬೇರೆ ಬೇರೆ ಇರುವವರು ಎಡ ಬಲ ಬಿಡಿಬಿಡಿಯಾಗಿ ಸಿಗುವ ಗಾಗಲ್ಸ್ ತಗೊಳ್ಳಬೇಕು. ಜಯನಗರ ನಾಲ್ಕನೇ ಬ್ಲಾಕ್‌ನ ಒಂದು ಹಳೇ ಕನ್ನಡಕದಂಗಡಿಯಲ್ಲಿ ಸಿಕ್ಕಿತು. ಅಂಗಡಿಯ ಯಜಮಾನರು ಡಬ್ಬ ತೆಗೆದು, ಬಲಗಣ್ಣಿನ ಕಪ್ ಒಂದು, ಎಡಗಣ್ಣಿನದು ಒಂದು, ಮೂಗಿನ ಮೇಲೆ ಕೂರುವ ಕೊಂಡಿ ಮೂರು ಅಳತೆಯವು, ರಬ್ಬರ್ ಪಟ್ಟಿ ಎಲ್ಲ ಗಾಜಿನ ಮೇಲೆ ಹರಡಿ, ನನ್ನ ಮೂಗು ನೋಡಿ, “ನಿಮಗೆ ನಡುವಿನ ಸೈಜು” ಅಂದು ತಾವೇ ಜೋಡಿಸಿದರು. ಎಲ್ಲ ಸೇರಿ ನಾನು ಕೊಟ್ಟಿದ್ದು 1,650 ರೂಪಾಯಿ.

ಇಲ್ಲಿ ನಂಬರ್ ಲೆಕ್ಕ ಸ್ವಲ್ಪ ಹೇಳಬೇಕು. ಈ ಗಾಗಲ್ಸ್ ನಿಮ್ಮ ಕಣ್ಣಿಗೆಂದೇ ಮಾಡಿಸಿದ್ದಲ್ಲ, ರೆಡಿಮೇಡ್. ಅರ್ಧರ್ಧ ನಂಬರಿನಲ್ಲಿ ಬರುತ್ತವೆ. ಸಿಲಿಂಡರ್ ಇರುವುದಿಲ್ಲ. ಹಾಗಾಗಿ ಸಿಲಿಂಡರ್‌ನ ಅರ್ಧ ತಗೊಂಡು ನಂಬರಿಗೆ ಸೇರಿಸುತ್ತಾರೆ. ನನ್ನ ಬಲಗಣ್ಣಿಗೆ 4.25ರ ಜೊತೆ 0.25 ಸೇರಿ 4.5 ಆಗಿದ್ದು ಹೀಗೆ. ಲೆಕ್ಕ ನಡುವೆ ಎಲ್ಲೋ ನಿಂತರೆ ಕಡಿಮೆ ನಂಬರಿನದ್ದೇ ತಗೊಳ್ಳಿ, ಕೊಳದಲ್ಲಿ ಯಾರೂ ಪೇಪರ್ ಓದಬೇಕಾಗಿಲ್ಲ. ಸಿಲಿಂಡರ್ ಎರಡು, ಎರಡೂವರೆ ಇರುವವರಿಗೆ ಇದು ಸರಿಹೋಗುವುದು ಕಷ್ಟ, ಡಾಕ್ಟರನ್ನು ಕೇಳಿಯೇ ತಗೊಳ್ಳಿ. ಹಾಗೇ ಲೆನ್ಸ್ ಡಬ್ಬಿ ಮೇಲಿನ ನಂಬರ್ ನೋಡಿ ಗಾಗಲ್ಸ್ ತಗೊಳ್ಳಬೇಡಿ. ಲೆನ್ಸ್ ಕಣ್ಣಿಗೆ ತಾಗಿ ಕೂರುತ್ತದೆ, ಗಾಗಲ್ಸ್ ಕನ್ನಡಕದ ತರಹ ಸ್ವಲ್ಪ ದೂರ ಕೂರುತ್ತದೆ, ನಂಬರ್ ಜಾಸ್ತಿ ಇದ್ದಷ್ಟೂ ಎರಡಕ್ಕೂ ವ್ಯತ್ಯಾಸ ಬರುತ್ತದೆ.

ಮೊದಲ ದಿನ ಹಾಕಿಕೊಂಡು ಇಳಿದೆ. ತಲೆ ಎತ್ತಿದರೆ ಎದುರು ಗೋಡೆ ಮೇಲೆ ಗಡಿಯಾರ. ಆರೂ ಹದಿನೇಳು. ಅಲ್ಲೊಂದು ಗಡಿಯಾರ ಇದೆ ಎಂದೇ ನನಗೆ ಗೊತ್ತಿರಲಿಲ್ಲ! ಹತ್ತು ದಿನ ಲೆನ್ಸ್ ಹಾಕಿಕೊಂಡು ಅಲ್ಲೇ ಇದ್ದೆನಲ್ಲ, ಆ ಸೋರುವ ಗಾಗಲ್ಸ್ ಒಳಗಿನ ಮಂಜಿನಲ್ಲಿ ಏನೂ ಕಂಡಿರಲಿಲ್ಲ. ಕೋಚ್ ಸರ್‌ಗೆ ಮೀಸೆ ಇದೆ ಎನ್ನುವುದೂ ಅಂದೇ ಗೊತ್ತಾಯಿತು. ನೀರೊಳಗೆ ಮುಖ ಇಟ್ಟರೆ ತಳದ ನೀಲಿ ಟೈಲ್ಸ್, ಟೈಲ್ಸ್ ನಡುವಿನ ಸಿಮೆಂಟ್ ಗೆರೆ, ಯಾರೋ ಕಳೆದುಕೊಂಡ ಒಂದು ಹೇರ್ ಕ್ಲಿಪ್. ಎಲ್ಲ ಸ್ವಲ್ಪ ಹತ್ತಿರ, ಸ್ವಲ್ಪ ದೊಡ್ಡದಾಗಿ ಕಾಣುತ್ತದೆ. ಅದು ನಂಬರಿನ ತಪ್ಪಲ್ಲ. ಚಪ್ಪಟೆ ಗಾಜಿನ ಮೂಲಕ ನೀರೊಳಗೆ ನೋಡಿದರೆ ನಾಲ್ಕಡಿ ದೂರದ್ದು ಮೂರಡಿಯಲ್ಲಿ ಇದ್ದ ಹಾಗೆ ಕಾಣುತ್ತದೆ, ಸಾದಾ ಗಾಗಲ್ಸ್ ಹಾಕಿದವರಿಗೂ ಅಷ್ಟೇ. ಮೊದಲೆರಡು ದಿನ ಗೋಡೆ ಬಂತು ಅಂದುಕೊಂಡು ಬೇಗ ಕೈ ಚಾಚಿಬಿಡುತ್ತಿದ್ದೆ. ಆಮೇಲೆ ಅಭ್ಯಾಸವಾಯಿತು.

ಸೋರುತ್ತದಾ? ನನಗೆ ಇಲ್ಲ. ಮೆತ್ತಗಿನ ಸಿಲಿಕೋನ್ ಅಂಚು. ಪಟ್ಟಿ ಹಾಕದೆ ಸುಮ್ನೆ ಕಪ್ ಅನ್ನು ಕಣ್ಣಿಗೆ ಒತ್ತಿ ಕೈ ಬಿಡಿ, ಎರಡು ಸೆಕೆಂಡ್ ಅಂಟಿ ನಿಂತರೆ ಅಳತೆ ಸರಿ ಎಂದರ್ಥ. ಅಂಗಡಿಯಲ್ಲೇ ಇದನ್ನು ಮಾಡಿ ನೋಡಿ, ನಾಚಿಕೊಳ್ಳಬೇಡಿ. ಸೋರುತ್ತದೆ ಎಂದು ಪಟ್ಟಿ ಬಿಗಿ ಮಾಡುವವರೇ ಜಾಸ್ತಿ. ಆಮೇಲೆ ಕಣ್ಣ ಸುತ್ತ ರಕೂನ್ ತರಹ ಉಂಗುರ ಬಿದ್ದು, ಅದೇ ಮುಖದಲ್ಲಿ ಆಫೀಸಿಗೆ ಹೋಗಬೇಕು. ನನಗೂ ಬೀಳುತ್ತದೆ, ಹತ್ತು ಗಂಟೆಗೆ ಮಾಯವಾಗುತ್ತದೆ.

ಮಂಜು ಹಿಡಿಯುವುದು ಇದರ ನಿಜವಾದ ತೊಂದರೆ. ಹೊಸದರಲ್ಲಿ ಒಳಗೆ ಏನೋ ಲೇಪ ಇರುತ್ತದೆ, ಒಂದು ತಿಂಗಳು ಕನ್ನಡಿಯಂತಿತ್ತು. ನಾನು ಒಂದು ದಿನ ಒಳಗೆ ಬೆರಳಾಡಿಸಿ ಒರೆಸಿದೆ, ಆ ಲೇಪ ಅಲ್ಲಿಗೆ ಮುಗಿಯಿತು. ಬೆರಳಿನ ಅಗಲಕ್ಕೆ ಒಂದು ಮಸುಕು ಗೆರೆ ಈಗಲೂ ಬಲಗಡೆ ಇದೆ. ಒಳಗೆ ಬೆರಳು, ಟವೆಲ್, ಸೆರಗು ಏನೂ ತಾಗಿಸಬೇಡಿ. ನೀರಲ್ಲಿ ಅದ್ದಿ, ಒದರಿ, ನೆರಳಲ್ಲಿ ಆರಿಸಿ. ಸ್ಕೂಟರ್ ಡಿಕ್ಕಿಯಲ್ಲಿ ಬಿಸಿಲಿಗೆ ಬಿಟ್ಟರೆ ರಬ್ಬರ್ ಕೂಡ ಹೋಗುತ್ತದೆ.

ಇನ್ನೊಂದು ತಾಪತ್ರಯ, ಬಟ್ಟೆ ಬದಲಿಸುವ ರೂಮಿನಿಂದ ಕೊಳದವರೆಗೆ. ಕನ್ನಡಕ ಲಾಕರಿನಲ್ಲಿ. ಗಾಗಲ್ಸ್ ಹಾಕಿಕೊಂಡೇ ನಡೆದು ಬರಬೇಕು, ಪಕ್ಕದ್ದೇನೂ ಕಾಣುವುದಿಲ್ಲ, ನೆಲ ಒದ್ದೆ. ಅಂಗಳಕ್ಕೆ ಬಂದ ಕಪ್ಪೆಯ ಹಾಗೆ ಒಂದೊಂದೇ ಹೆಜ್ಜೆ ಇಡುತ್ತೇನೆ. ಜೊತೆಯ ಹೆಂಗಸರು ನಗುತ್ತಾರೆ. ನಗಲಿ.

ಡೈಲಿ ಲೆನ್ಸ್ ಹಾಕಿಕೊಂಡು ಈಜಿ ಬಿಸಾಕಿದರಾಗದೇ ಎಂದು ಕೇಳುವವರಿದ್ದಾರೆ. ನನ್ನ ಹತ್ತಿರ ಡೈಲಿ ಲೆನ್ಸೂ ಇದೆ, ಮದುವೆ ಮುಂಜಿಗೆ ಅದನ್ನೇ ಹಾಕುತ್ತೇನೆ, ಚೆನ್ನಾಗಿದೆ. ಮೂವತ್ತರ ಡಬ್ಬಿ ಎಂದರೆ ಎರಡು ಕಣ್ಣಿಗೆ ಹದಿನೈದೇ ದಿನ, ನನಗೆ ದಿನಕ್ಕೆ ನೂರು ರೂಪಾಯಿ ದಾಟುತ್ತದೆ. ಡಾಕ್ಟರ್ ಹೇಳಿದ್ದು ಇಷ್ಟು: ಬೇರೆ ದಾರಿಯೇ ಇಲ್ಲ ಎಂದಾದರೆ ಡೈಲಿ ಲೆನ್ಸ್, ಮೇಲೆ ಸೋರದ ಗಾಗಲ್ಸ್, ಹೊರಗೆ ಬಂದು ಲೆನ್ಸ್ ಸಡಿಲವಾದ ಕೂಡಲೇ ತೆಗೆದು ಕಸಕ್ಕೆ. ಆದರೂ ಲೆನ್ಸ್ ಇಲ್ಲದೆ ಇಳಿಯುವಷ್ಟು ಅದು ಸೇಫ್ ಅಲ್ಲ. ವಾಟರ್ ಪಾರ್ಕಿಗೆ ಹೋಗುವವರಿಗೆ ಇದು ದೊಡ್ಡ ಪೇಚು, ಜಾರುಬಂಡೆಯಲ್ಲಿ ಗಾಗಲ್ಸ್ ನಿಲ್ಲುವುದಿಲ್ಲ. ನಾನು ಹೋದ ಸಲ ಹಳೇ ಕನ್ನಡಕಕ್ಕೆ ಹಿಂದೆ ದಾರ ಕಟ್ಟಿಕೊಂಡು ಅಲೆಯ ಕೊಳದಲ್ಲಿ ಮೊಣಕಾಲುದ್ದ ನೀರಲ್ಲಿ ನಿಂತು ಎಲ್ಲರ ಬ್ಯಾಗ್ ಕಾದೆ.

ಗಾಗಲ್ಸ್ ಬಂದ ಮೇಲೆ ಮನೆಯೊಳಗಿನ ನೀರಿನ ಬಗ್ಗೆಯೂ ಸ್ವಲ್ಪ ಎಚ್ಚರ ಬಂತು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಅಂತಾರಲ್ಲ, ಹಾಗೆ. ಸ್ನಾನಕ್ಕೆ ಹೋಗುವ ಮೊದಲೇ ಲೆನ್ಸ್ ತೆಗೆಯುತ್ತೇನೆ. ಬಕೆಟ್ಟು ಚೊಂಬು ಕಾಣದೆ ಇದ್ದರೂ ಕೈಗೆ ಸಿಗುತ್ತವೆ, ಶಾಂಪೂ ಯಾವುದು ಕಂಡಿಷನರ್ ಯಾವುದು ಅನ್ನುವುದಕ್ಕೆ ಒಂದಕ್ಕೆ ರಬ್ಬರ್ ಬ್ಯಾಂಡ್ ಹಾಕಿದ್ದೇನೆ. ಲೆನ್ಸ್ ಮುಟ್ಟುವ ಮೊದಲು ಸೋಪು ಹಾಕಿ ಕೈ ತೊಳೆದು, ಪೂರ್ತಿ ಒರೆಸಿಕೊಳ್ಳಬೇಕು. ಒದ್ದೆ ಬೆರಳ ತುದಿಯ ಒಂದು ಹನಿಯೂ ನಲ್ಲಿ ನೀರೇ. ನಾನು ಹತ್ತು ವರ್ಷ ಮಾಡಿದ ತಪ್ಪು ಇದೇ, ಕೈ ತೊಳೆಯುತ್ತಿದ್ದೆ, ಒರೆಸುತ್ತಿರಲಿಲ್ಲ, ಎರಡು ಸಲ ಗಾಳಿಯಲ್ಲಿ ಒದರಿ ಲೆನ್ಸ್ ಎತ್ತುತ್ತಿದ್ದೆ.

ಲೆನ್ಸ್ ಡಬ್ಬಿ ಇನ್ನೊಂದು ಕಥೆ. ಅದನ್ನು ನಲ್ಲಿಯಲ್ಲಿ ತೊಳೆಯುವ ಹಾಗಿಲ್ಲ. ಹಳೇ ಸೊಲ್ಯೂಷನ್ ಚೆಲ್ಲಿ, ಹೊಸ ಸೊಲ್ಯೂಷನ್‌ನಲ್ಲೇ ಉಜ್ಜಿ, ಟಿಶ್ಯೂ ಮೇಲೆ ಬೋರಲು ಹಾಕಿ ಆರಿಸಬೇಕು. ನಿನ್ನೆಯದಕ್ಕೆ ಇವತ್ತಿನದು ಬೆರೆಸುವುದು, ಹುಳಿಗೆ ನೀರು ಹಾಕಿ ಉದ್ದ ಮಾಡಿದ ಹಾಗೆ, ಬೇಡವೇ ಬೇಡ. ಮೂರು ತಿಂಗಳಿಗೊಮ್ಮೆ ಡಬ್ಬಿಯನ್ನೇ ಬಿಸಾಕಬೇಕು. ಬಚ್ಚಲುಮನೆಯಲ್ಲಿ ಇಡಬಾರದು. ಹಿಂದೆ ನನ್ನದು ಎಲ್ಲಿತ್ತು ಗೊತ್ತಾ? ಬೇಸಿನ್ ಮೇಲೆ, ಹಲ್ಲುಜ್ಜುವ ಬ್ರಶ್ ಪಕ್ಕ. ಬ್ರಿಟನ್‌ನಲ್ಲಿ ಈ ಅಮೀಬಾದಿಂದ ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡ ಒಬ್ಬರು ಪಟ್ಟುಹಿಡಿದು, ಲೆನ್ಸ್ ಪ್ಯಾಕಿನ ಮೇಲೆ ಅಂಟಿಸಲು ‘ನೀರು ಬೇಡ’ ಎನ್ನುವ ಸ್ಟಿಕ್ಕರ್ ಮಾಡಿಸಿದರು ಎಂದು ಓದಿದೆ. ಇಲ್ಲಿ ನಾನು ಕಂಡಿಲ್ಲ, ಹಾಗಾಗಿ ನನ್ನ ಡಬ್ಬಿ ಮೇಲೆ ಮಾರ್ಕರಿನಲ್ಲಿ ನಲ್ಲಿಯ ಚಿತ್ರ ಬರೆದು ಕಾಟು ಹಾಕಿದ್ದೇನೆ. ನಮ್ಮತ್ತೆ ಅದನ್ನು ನೋಡಿ “ಇದೇನಮ್ಮ, ಆನೆನಾ?” ಅಂದರು.

ಕಣ್ಣು ಕೆಂಪಾಗಿ ನೋವಿದ್ದರೆ, ಬೆಳಕು ನೋಡಲು ಆಗದಿದ್ದರೆ, ಲೆನ್ಸ್ ತೆಗೆದ ಮೇಲೂ ಕಡಿಮೆಯಾಗದಿದ್ದರೆ ಅದೇ ದಿನ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ. ನಮ್ಮೂರಿನಲ್ಲಿ ಮಿಂಟೋ ಆಸ್ಪತ್ರೆ 1896ರಿಂದ ಇದೆ, ಖಾಸಗಿಯವಂತೂ ಬೀದಿಗೊಂದು. ತೆಗೆದ ಲೆನ್ಸನ್ನೂ ಡಬ್ಬಿಯನ್ನೂ ಬಿಸಾಕಬೇಡಿ, ಜೊತೆಗೆ ತಗೊಂಡು ಹೋಗಿ, ಯಾವ ಕ್ರಿಮಿ ಎಂದು ಅದರಿಂದಲೂ ಪತ್ತೆ ಮಾಡುತ್ತಾರೆ. ನಾನು ಬಿಸಾಕಿದ್ದೆ, ಅದಕ್ಕೂ ಬೈಸಿಕೊಂಡೆ.

ಈಗ ಐದರಲ್ಲಿ ಕಡಿಮೆಯಾದ ಆ ಒಂದು ಅಂಕದ ವಿಷಯ. ಐದನೇ ತಿಂಗಳಿಗೆ ರಬ್ಬರ್ ಪಟ್ಟಿ ಬಕಲ್ ಹತ್ತಿರ ಸೀಳಿತು. ಕಪ್‌ಗಳು ಗಟ್ಟಿಮುಟ್ಟಾಗಿವೆ, ಪಟ್ಟಿ ಒಂದೇ ಹೋಗಿರುವುದು. ಬಿಡಿ ಪಟ್ಟಿ ಸಿಗುತ್ತದೆ ಎಂದೇ ಈ ಮಾಡೆಲ್ ತಗೊಂಡಿದ್ದು. ಜಯನಗರದ ಯಜಮಾನರಿಗೆ ಫೋನ್ ಮಾಡಿದರೆ “ಗುರುವಾರ ಬನ್ನಿ ಮೇಡಂ, ಸ್ಟಾಕ್ ಬರುತ್ತೆ” ಅಂದರು. ಗುರುವಾರ ಹೋದೆ. ಕಾಫಿ ತರಿಸಿಕೊಟ್ಟು, ಮುಂದಿನ ಗುರುವಾರ ಅಂದರು. ಮೂರು ಗುರುವಾರ ಆಯಿತು. ಸದ್ಯಕ್ಕೆ ನಮ್ಮನೆಯವರ ಹಳೇ ಬನಿಯನ್ನಿನ ಎಲಾಸ್ಟಿಕ್ ಪೋಣಿಸಿ ಗಂಟು ಹಾಕಿದ್ದೇನೆ. ಸೋರುತ್ತಿಲ್ಲ. ನಾಳೆ ಮತ್ತೆ ಗುರುವಾರ.